ಬೇರೆ ವಯರು

ಮಲ್ಪೆ ದಕ್ಕೆಯಿಂದ ವಾರಿಜ ಮೆಂಡನ್‌ರ ಪಿಕಪ್ಪು
ನನ್ನ ಶೆಡ್ಡಿಗೆ ಬಂದದ್ದು ಮಂಗಳವಾರ,
ಮೋಡವಿಲ್ಲದ ಬಿಸಿಲಲ್ಲಿ ವೈಪರ್ ಬೀಸುತ್ತ.
ಬ್ರೇಕು ತುಳಿದರೆ ಹಾರನ್ನು ಕೂಗುತ್ತದೆ,
ಎಡಕ್ಕೆ ಹೋಗುತ್ತೇನೆಂದರೆ ಬಲದ ದೀಪ ಕಣ್ಣು ಹೊಡೆಯುತ್ತದೆ,
ಮೊನ್ನೆ ರಾತ್ರಿ ಎರಡಕ್ಕೆ ತಾನೇ ಬೊಬ್ಬೆ ಹೊಡೆದು
ಅರ್ಧ ಕೇರಿಯನ್ನು ಎಬ್ಬಿಸಿತಂತೆ.
"ನೆರೆಯವರು ತಂಬಿಲ ಕೊಡಿ ಅಂದರು, ಪೊರ್ಬುಲೆ.
ಮೊದಲು ನಿಮಗೆ ತೋರಿಸಿ, ಆಮೇಲೆ ನೋಡುವ ಅಂದೆ."

ಬಾಗಿಲು ಹಾಕಿದರೂ ಒಳಗಿನ ದೀಪ ಆರುವುದಿಲ್ಲ.
ಅದನ್ನು ಅವರು ಹೇಳಲಿಲ್ಲ.
ನಾನೇ ನೋಡಿ ಬರೆದುಕೊಂಡೆ.

ನನಗಿಂತ ಮೊದಲು ಒಬ್ಬ ಫ್ಯೂಸು ಬದಲಿಸಿದ್ದ,
ಒಬ್ಬ ಬ್ಯಾಟರಿ ಮಾರಿದ್ದ,
ಮತ್ತೊಬ್ಬ ಹಾರನ್ನಿನ ವಯರು ಕಿತ್ತು
ಹೆದರಿ ತಿರುಗಿ ಜೋಡಿಸಿದ್ದ.

ಬೆನ್ನನ್ನು ನೆಲಹಾಸಿಗೆ ಕೊಟ್ಟು, ಕಾಲನ್ನು ಸೀಟಿಗೆ ಹತ್ತಿಸಿ,
ತಲೆಕೆಳಗಾಗಿ ಡ್ಯಾಶ್‌ಬೋರ್ಡಿನ ಅಡಿಗೆ ನುಗ್ಗಿದೆ.
ಅರುವತ್ತು ದಾಟಿದ ಸೊಂಟಕ್ಕೆ ಹೇಳಿದ ಆಸನವಲ್ಲ ಅದು.
ಬಾಯಲ್ಲಿ ಟಾರ್ಚು. ಝುಬೈರ್ ಬ್ಯಾಟರಿಯ ನೆಗೆಟಿವ್ ಬಿಚ್ಚಿದ.
ಇನ್ನು ಹತ್ತು ನಿಮಿಷ ಮುಟ್ಟಬಾರದು,
ಒಳಗೆ ಉಳಿದ ಕರೆಂಟು ತಾನಾಗಿ ಇಳಿಯಬೇಕು.
ಸಿಟ್ಟು ಬಂದವರನ್ನೂ ನಾನು ಹೀಗೇ ಬಿಡುವುದು.

ಅಂಗೈಗಿಂತ ತುಸು ದೊಡ್ಡ ಕಪ್ಪು ಡಬ್ಬಿ.
ನಾನು ಕಲಿಯುವಾಗ ಸ್ವಿಚ್ಚಿನಿಂದ ದೀಪಕ್ಕೆ
ನೇರ ವಯರು ಹೋಗುತ್ತಿತ್ತು,
ಎಲ್ಲಿ ತುಂಡಾಗಿದೆಯೋ ಬೆರಳಿಗೆ ಸಿಗುತ್ತಿತ್ತು.
ಈಗ ಸ್ವಿಚ್ಚು ಬರೀ ಅರ್ಜಿ ಹಾಕುತ್ತದೆ,
ಮಂಜೂರು ಮಾಡುವುದು ಈ ಡಬ್ಬಿ.

ಸಾಕೆಟ್ಟು ಎಳೆದರೆ ಪಿನ್ನುಗಳ ತುಂಬ ಹಸಿರು ಕಿಲುಬು.
ಮೂಸಿದೆ. ಬಂಗುಡೆ.
ಮುಂದಿನ ಗಾಜಿನ ರಬ್ಬರು ಬಿರಿದಲ್ಲಿಂದ
ಮೂರು ಮಳೆಗಾಲ ಒಳಗೆ ಇಳಿದಿದೆ,
ದಕ್ಕೆಯ ಉಪ್ಪುಗಾಳಿಯ ಕೈ ಹಿಡಿದುಕೊಂಡು.
"ಇಷ್ಟು ವರ್ಷ ಮೀನು ಕೊಟ್ಟ ಕಡಲು
ಒಂದು ಡಬ್ಬಿ ತಕ್ಕೊಂಡಿತು, ಹೋಗಲಿ,"
ಅಂದರು ವಾರಿಜಕ್ಕ. ಲೆಕ್ಕ ಗೊತ್ತಿದ್ದವರು.

ಕೂಳೂರಿನ ಗುಜರಿಯಿಂದ ಹಳತೊಂದು ತರಿಸಿದೆ, ಮೂರು ಸಾವಿರ.
ಅದಕ್ಕೋ ಬೇರೆ ಯಾವುದೋ ಗಾಡಿಯ ನೆನಪು ಗಟ್ಟಿ.
ಇವರ ಚಾವಿ ತಿರುಗಿಸಿದರೆ ಮೀಟರಿನಲ್ಲಿ ಕೆಂಪು ಬೀಗ.
ಮರೆಸಲು ನೋಡಿದೆ, ಬೈದೆ, ಮತ್ತೆ ನೋಡಿದೆ.
ಮರೆಯಲಿಲ್ಲ.
ಕೊನೆಗೆ ಹೊಸದೇ: ಹದಿನೇಳು ಸಾವಿರದ ಚಿಲ್ಲರೆ.
ಫೋನಿನಲ್ಲಿ ಕಳಿಸಿ, ಬಂತಾ ಎಂದು ಎರಡು ಸಲ ಕೇಳಿದರು.

ಮಂಗಳೂರಿಂದ ಸ್ಕ್ಯಾನರು ಹಿಡಿದು ಬಂದ ಹುಡುಗ
ಶಿಶುವಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟ:
ಇದು ನಿನ್ನ ಗಾಡಿ, ಇವೆರಡು ನಿನ್ನ ಚಾವಿ,
ಇದು ಎಡ, ಇದು ಬಲ.
ವೈಪರು ಮಲಗಿತು. ಬ್ರೇಕಿಗೆ ಬ್ರೇಕಿನ ದೀಪ ಮಾತ್ರ.
ಹಾರನ್ನು, ಒತ್ತಿದರೆ ಮಾತ್ರ, ಒಂದೇ ಸಲ.

ಶನಿವಾರ ಮತ್ತೆ ಬಂದರು.
"ಎಲ್ಲ ಸರಿ ಉಂಟು, ಪೊರ್ಬುಲೆ. ಆ ದೀಪ ಒಂದು..."
ರಾತ್ರಿ ಮಾರಾಟ ಮುಗಿಸಿ ಬರುವಾಗ ಹನ್ನೊಂದು,
ಗಾಡಿ ನಿಲ್ಲುವುದು ರಸ್ತೆಯಲ್ಲಿ,
ಮನೆ ಓಣಿಯ ಕೊನೆಯಲ್ಲಿ.
ಹಾಳಾಗಿದ್ದಾಗ ಅದು ಉರಿಯುತ್ತಲೇ ಇರುತ್ತಿತ್ತು,
ಬೀಗ ತೆಗೆದು ತಿರುಗಿ ನೋಡಿದ ಮೇಲೆ, ಯಾವಾಗಲೋ, ಆರುತ್ತಿತ್ತು.
"ಈಗ ನಾನು ಇಳಿದದ್ದೇ ಕತ್ತಲೆ."

ಹುಡುಗನಿಗೆ ಫೋನು ಮಾಡಿದೆ.
ಹೆಚ್ಚೆಂದರೆ ಮೂವತ್ತು ಸೆಕೆಂಡು ಸರ್, ಅಂದ.
"ನನ್ನ ಮೊಣಕಾಲಿಗೆ ಮೂವತ್ತು ಸಾಲುವುದಿಲ್ಲ."

ಬ್ಯಾಟರಿಯಿಂದ ದೀಪಕ್ಕೆ ಒಂದು ಕೆಂಪು ವಯರು ಎಳೆದೆ,
ನಡುವೆ ಫ್ಯೂಸು, ಮತ್ತೆ ಝುಬೈರ್ ತನ್ನ ಮೀನಿನ ತೊಟ್ಟಿಗೆಂದು
ತಂದಿಟ್ಟಿದ್ದ ಎರಡು ನಿಮಿಷದ ಟೈಮರು.
ಡಬ್ಬಿಯನ್ನು ಕೇಳಲಿಲ್ಲ.
ಬಿಲ್ಲಿನಲ್ಲಿ ಬರೆದೆ: ಇತರೆ, ಅರುವತ್ತು ರೂಪಾಯಿ.
ಝುಬೈರ್ ನನ್ನ ಮುಖ ನೋಡಿದ.

ಗಾಜಿನ ರಬ್ಬರು ಬದಲಿಸಿ ವಾರಿಜಕ್ಕ,
ಜೂನಿಗೆ ಮೊದಲು, ಅಂದೆ.
ಗೇರು ಹಾಕುತ್ತ, "ನೋಡುವ" ಅಂದರು.
ನಮ್ಮಲ್ಲಿ ಅದಕ್ಕೆ ಇಲ್ಲ ಎಂದೇ ಅರ್ಥ.