ಹೆಬ್ಬೆರಳು

ನಿದ್ದೆಯಲ್ಲೂ ಆಡುತ್ತದೆ ಗ್ಯುಹಾನ ಹೆಬ್ಬೆರಳು,
ಹೊದಿಕೆಯ ಮೇಲೆ ಏನನ್ನೋ ಸರಿಸುತ್ತ,
ಸರಿಸುತ್ತ.
ಹದಿನಾಲ್ಕು ವರ್ಷ. ಮೂರು ವಾರದಿಂದ ಶಾಲೆಗಿಲ್ಲ.

ಬೈದೆ. ವೈಫೈ ಕಿತ್ತೆ. ಫೋನನ್ನು
ಖಾಲಿ ಕಿಮ್ಚಿ ಭರಣಿಯಲ್ಲಿ ಬಚ್ಚಿಟ್ಟೆ.
ಅಳಲಿಲ್ಲ ಅವನು. ಗೋಡೆಗೆ ಹಣೆ ಹಚ್ಚಿ
ನಿಂತೇ ಇದ್ದ, ಬೆಳಗಿನ ತನಕ.

ಇವತ್ತು ಶಿಬಿರಕ್ಕೆ ಹೊರಟ ಬಸ್ಸು.
ಕಿಟಕಿಯ ಹಬೆಯ ಮೇಲೆ ಅದೇ ಬೆರಳು:
ಕೆಳಗಿಂದ ಮೇಲಕ್ಕೊಂದು ಗೀಟು,
ಗೀಟಿನೊಳಗೆ ತೊಂಗ್‌ಯಂಗಿನ ಕಡಲು.
ಮತ್ತೆ ಸರಿಸಿದ. ಮತ್ತದೇ ಕಡಲು.
"ಬದಲಾಗೋದೇ ಇಲ್ಲಮ್ಮ ಇದು" ಅಂದ.
ಈ ತಿಂಗಳ ಮೊದಲ ಮಾತು.

ಅವನಪ್ಪ ಇದ್ದಾಗ ಹೇಳುತ್ತಿದ್ದ,
ನಿದ್ದೆಯಲ್ಲಿ ನನ್ನ ಬಲಗೈಯೂ ತಿರುಗುತ್ತದಂತೆ,
ಇಪ್ಪತ್ತು ವರ್ಷ ಸಿಂಪಿ ಬಿಡಿಸಿದ ಕೈ.
ನನ್ನನ್ನು ಯಾರೂ ಶಿಬಿರಕ್ಕೆ ಕಳಿಸಲಿಲ್ಲ.

ಹಬೆ ಮತ್ತೆ ಕವಿಯಿತು.
ಅವನ ಗೀಟಿನ ಪಕ್ಕ ನಾನೊಂದು ಎಳೆದೆ.