ಹದಿನಾಲ್ಕು ಹೆಜ್ಜೆ

ರುವಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲೆ, ಮೂರನೇ ಮಹಡಿ.
ಲಿಫ್ಟ್ ಕೆಟ್ಟ ದಿನ ನನ್ನ ಮಂಡಿಗೂ ಒಂದು ಕ್ಲಾಸು.
ಹೋಟೆಲಿನವರು ಕೊಟ್ಟ ಹಳೆಯ ಟವೆಲ್ಲು ನಲವತ್ತು,
ಉದ್ದನೆಯ ಮೇಜು, ಗೋಡೆ ತುಂಬ ಚಿತ್ರದ ಕಾರ್ಡು.

"ನಿಮಗೆ ಕೆಲಸ ಗೊತ್ತಲ್ಲ, ಕಲಿಸಿ" ಅಂದಿದ್ದರು ಮೇಡಂ.
ಗೊತ್ತಿತ್ತು.
ಮತ್ರಾದ ಹೋಟೆಲೊಂದರ ನೆಲಮಾಳಿಗೆಯಲ್ಲಿ
ಹದಿನಾರು ವರ್ಷ ಮಡಚಿದವನು.
ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ಟವೆಲ್ ಮಡಚಲು ಎಷ್ಟು ಹೆಜ್ಜೆ?
ಮೂರು, ಎಂದೆ ಮೊದಲ ದಿನ ಸಲೀಸಾಗಿ.
ಸಫೂರಾ ಒಂದನೆಯದರಲ್ಲೇ ನಿಂತುಬಿಟ್ಟಳು.
ಮಡಚುವ ಮೊದಲು ಹರಡಬೇಕು,
ಹರಡುವ ಮೊದಲು ಮೂಲೆ ಹುಡುಕಬೇಕು,
ಅದಕ್ಕೂ ಮೊದಲು ಕೈ ಒಣಗಿರಬೇಕು.
ಒಣಗಿದೆಯೋ ಇಲ್ಲವೋ, ಅದು ತಿಳಿಯುವುದು ಹೇಗೆ?
ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿದಳು ಅವಳು.
ನನ್ನ ಪಟ್ಟಿಯಲ್ಲಿ ಇರಲಿಲ್ಲ ಅದು. ಬರೆದುಕೊಂಡೆ.

ತಿಂಗಳ ಕೊನೆಗೆ ಹದಿನಾಲ್ಕಾಯಿತು.
ಹದಿನಾರು ವರ್ಷ ಇಷ್ಟೆಲ್ಲ ಮೆಟ್ಟಿಲು ಹತ್ತಿದ್ದೆನೇ,
ಯಾರೂ ಎಣಿಸಿರಲಿಲ್ಲ, ನಾನೂ.

ಹುಮೈದ್ ಎಲ್ಲರಿಗಿಂತ ಚುರುಕು.
ಆದರೆ ಶಾಬಾಶ್ ಅಂದರೆ ಮುಗಿಯಿತು,
ಇನ್ನೊಂದು ಶಾಬಾಶಿಗಾಗಿ ಇಡೀ ಅಟ್ಟಿ ಬಿಚ್ಚಿ
ಮೊದಲಿಂದ ಶುರು.
ಜೋಯ್ಸ್ಟನ್‌ಗೆ ಬಸ್ಸಿನ ನಂಬರು ಬಾಯಿಪಾಠ.
ಬಸ್ಸು ಬಂದು ನಿಂತರೆ ಡ್ರೈವರಿಗೆ ಟಾಟಾ ಮಾಡಿ ಕಳಿಸಿಬಿಡುತ್ತಾನೆ.
ಹತ್ತುವುದು ಬೇರೆಯೇ ಪಾಠ. ಇನ್ನೂ ನಡೆದಿದೆ.

ನೀರಿನ ಟ್ಯಾಂಕರ್ ಓಡಿಸುವ ಸಫೂರಾಳ ಅಪ್ಪ
ಸಂಜೆ ಬಂದು ಚಪ್ಪಲಿ ಹೊರಗೆ ಬಿಟ್ಟು ಕೇಳುತ್ತಾರೆ:
"ಆಗ್ತದಾ ಮಾಸ್ಟ್ರೇ?"
ಅವರಿಗೆ ಸಂಬಳದ್ದಲ್ಲ ಚಿಂತೆ.
ಬತಾಕದಲ್ಲಿ ಅವಳ ಹೆಸರಿನ ಕೆಳಗೆ
ಅಪ್ಪನ ಹೆಸರಲ್ಲದೆ ಇನ್ನೊಂದು ಸಾಲು ಬರಬೇಕು, ಅಷ್ಟೇ.
ಬತಾಕ ಅನ್ನಲು ಬಾರದ ಅವಳು ಪತಾಕೆ ಅನ್ನುತ್ತಾಳೆ.
ತಿದ್ದಲು ಹೋಗಿಲ್ಲ ನಾನು.

ಇನ್ನೊಂದು ಪಾಠವಿತ್ತು. ನಾಟಕದ ಹಾಗೆ.
ಮೇಡಂ ಹೇಳಿದರು, ನೀವು ಸೂಪರ್ವೈಸರ್ ಆಗಿ,
ಸ್ವಲ್ಪ ಜೋರು ಮಾಡಿ, ಮಕ್ಕಳು ಏನು ಹೇಳುತ್ತಾರೆ ನೋಡೋಣ.
ಸ್ವಲ್ಪವೇ ಮಾಡಬೇಕೆಂದಿದ್ದೆ.
ಬಾಯಿ ತೆರೆದರೆ ನನ್ನ ಗಂಟಲಿನಿಂದ
ಬೇರೆಯವನ ದನಿ ಬಂತು, ಪೂರ್ತಿ,
ಅವನ ಬೈಗುಳ, ಅವನ ಚಿಟಿಕೆ,
ಗಡಿಯಾರದ ಗಾಜಿಗೆ ಉಗುರು ಬಡಿಯುವ ಅವನ ರೀತಿ.
ನೆಲಮಾಳಿಗೆ ಮೂರನೇ ಮಹಡಿಗೆ ಹತ್ತಿ ಬಂದಿತ್ತು.

ಹುಮೈದ್ ಮೇಜಿನಡಿ ಸೇರಿದ.
ಸಫೂರಾ ಟವೆಲ್ ಕೆಳಗಿಟ್ಟಳು, ಅಂಚು ಸರಿಮಾಡಿ.
ಕಾರ್ಡು ಒಂಬತ್ತರತ್ತ ನೋಡಿ
ಒಂದೊಂದೇ ಪದ, ಕಲ್ಲು ಜೋಡಿಸಿದ ಹಾಗೆ:
"ನನಗೆ. ಸುಸ್ತು. ಆಗಿದೆ.
ಐದು ನಿಮಿಷ. ಬಿಡುವು. ಬೇಕು."

ಕಾರ್ಡು ಬರೆದವನು ನಾನೇ.
ಆದರೂ ಕುಂತುಬಿಟ್ಟೆ.
ಮಂಡಿ ಊದಿಕೊಂಡ ದಿನಗಳಲ್ಲಿ
ಕನ್ನಡದಲ್ಲಿ, ಹಿಂದಿಯಲ್ಲಿ, ಹರಕು ಅರಬ್ಬಿಯಲ್ಲಿ
ಹುಡುಕಿ ಹುಡುಕಿ ಸಿಗದೇಹೋದದ್ದು
ಇಷ್ಟು ಸಣ್ಣ ವಾಕ್ಯವಾಗಿತ್ತೇ.

ಸೋಮವಾರ ಕುರುಮಿನ ಹೋಟೆಲಿನಲ್ಲಿ ಟ್ರಯಲ್ಲು.
ಯಂತ್ರಗಳ ಗದ್ದಲ, ಹಬೆ, ಬಿಳಿ ಗುಡ್ಡಗಳು.
ಮೂಲೆಯಲ್ಲಿ ನಿಂತು ಅವಳ ತುಟಿ ನೋಡುತ್ತಿದ್ದೆ,
ಎಣಿಸುತ್ತಿದ್ದಳು, ಹದಿಮೂರು, ಹದಿನಾಲ್ಕು.
ಕೆನ್ನೆಗೆ ಅಂಗೈ. ಮತ್ತೆ ಒಂದು.
ಹನ್ನೊಂದಕ್ಕೆ ಕೈ ನಿಲ್ಲಿಸಿ ಹೇಳಿಯೇಬಿಟ್ಟಳು.
ಪ್ರೆಸ್ಸಿನ ಬಳಿಯಿದ್ದ ನೇಪಾಳಿ ಮುದುಕ
ಅವಳನ್ನೊಮ್ಮೆ, ಸೂಪರ್ವೈಸರನ್ನೊಮ್ಮೆ ನೋಡಿ
ನಿಧಾನಕ್ಕೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ.

ಗೋಡೆಯ ಬೆಂಚಿನಲ್ಲಿ ಮೂವರು ಕೂತೆವು.
ಚಹ ಸಪ್ಪೆಯಿತ್ತು.
ಸಫೂರಾ ನನ್ನ ಲೋಟಕ್ಕೂ ಸಕ್ಕರೆ ಹಾಕಿದಳು,
ಹೆಜ್ಜೆ ತಪ್ಪದೆ, ನಾಲ್ಕು ಚಮಚ.
ಸಕ್ಕರೆ ಕಾಯಿಲೆಯವನು ನಾನು.
ಕುಡಿದೆ.