ಉಳಿದ ಕೆಂಪು

ವೂಚ್ ನಗರದ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿದಾಗ
ನಮ್ಮ ಕ್ಲಿನಿಕ್ಕಿನ ಕಿಟಕಿಗಾಜು ಸಣ್ಣಗೆ ನಡುಗುತ್ತದೆ.
ಆ ನಡುಕದ ಬೆನ್ನಿಗೇ ಒಳಗೆ ಬಂದರು
ತೆಯೊದೋಜ್ಯಾ, ಎಪ್ಪತ್ತಕ್ಕೆ ಒಂದು ಕಡಿಮೆ,
ನೂಲಿನ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಕದಿರು ಕಾಯ್ದವರು.
ಕಿವಿಯನ್ನು ಅಲ್ಲೇ ಬಿಟ್ಟು ಬಂದದ್ದರಿಂದ
ಏನು ಹೇಳಿದರೂ ಗಿರಣಿಯ ಸದ್ದಿನ ಮೇಲೆ ಹೇಳುತ್ತಾರೆ:
‘ಮುಖ ಬೇಕಮ್ಮ. ಹಳೆಯದೇ ಸಾಕು.’

ತೋಳಿಗೆ ಪಟ್ಟಿ ಕಟ್ಟಿದೆ.
ನರ ಹುಡುಕುವ ಕೆಲಸವೇ ಬೀಳಲಿಲ್ಲ,
ಹೆಸರು ಹಿಡಿದು ಕರೆದ ಹಸುವಿನಂತೆ ತಾನಾಗಿ ಎದ್ದು ಬಂತು.
ಮೊಣಕೈ ಮಡಿಕೆಯಲ್ಲಿ ಸೂಜಿ ಹೋಗಿ ಬಂದ ಜಾಡು,
ಎಳ್ಳು ಚೆಲ್ಲಿದ ಹಾಗೆ ಬಿಳಿ ಚುಕ್ಕಿ.
‘ನಲವತ್ತಮೂರು ಸಲ ಕೊಟ್ಟಿದ್ದೇನೆ.
ಅರವತ್ತೈದು ತುಂಬಿದ್ದೇ ತಡ, ಇನ್ನು ನಿಮ್ಮದು ಬೇಡ ಅಂದರು.
ಬೇಡ ಅನ್ನಿಸಿಕೊಂಡ ರಕ್ತ ಇದು. ನೋಡಿ ತೆಗೆ.’

ಕೊಟ್ಟವರಿಗೆ ಇಲ್ಲಿ ಎಂಟು ಪಟ್ಟಿ ಚಾಕೊಲೇಟು.
ಎಣಿಸಿ ಎಣಿಸಿ ಕೈಗಿಡುತ್ತಿದ್ದವಳು ನಾನೇ,
ಆರು ವರ್ಷ, ರಕ್ತಕೇಂದ್ರದ ಕೌಂಟರಿನಲ್ಲಿ.
ಸಂಬಳ ಸಾಲದೆ ಈ ಕಡೆ ಬಂದೆ.
ಇಲ್ಲಿ ತೆಗೆಸಿಕೊಂಡವರೇ ದುಡ್ಡು ಕೊಡುತ್ತಾರೆ.
‘ನಿನ್ನ ಕೈಯಿಂದಲೂ ತಿಂದಿರಬೇಕು ನಾನು’ ಎಂದು ನಕ್ಕರು,
‘ಹಲ್ಲು ಹೋದದ್ದೇ ಹಾಗೆ.’

ಕೊಳವೆಗಳನ್ನು ಯಂತ್ರದಲ್ಲಿಟ್ಟು ಮುಚ್ಚಳ ಹಾಕಿದೆ.
ಹತ್ತು ನಿಮಿಷ. ಮೊಸರು ಕಡೆಯುವಷ್ಟು ಹೊತ್ತೂ ಅಲ್ಲ.
ಗಿರ್ರನೆ ತಿರುಗಿ ತಿರುಗಿ
ಭಾರದ್ದು ತಳಕ್ಕೆ, ಹಗುರದ್ದು ಮೇಲಕ್ಕೆ.
‘ಕದಿರಿನ ಸದ್ದು’ ಅಂದರು.
ಅಂದು ಅವರು ಮೆಲ್ಲಗೆ ಆಡಿದ ಮೊದಲ ಮಾತು ಅದು.

ಆಮೇಲೆ ಚೀಲದಿಂದ ಒಂದು ಫೋಟೊ ತೆಗೆದರು:
ಕಪ್ಪು ಕಲ್ಲು, ಕಲ್ಲಿನಲ್ಲಿ ಮೊಟ್ಟೆಯಾಕಾರದ ಎರಡು ಗುಳಿ.
ಎಡಗಡೆ ಪಿಂಗಾಣಿ ಬಿಲ್ಲೆಯ ಮೇಲೆ
ಒಬ್ಬ ಹುಡುಗ. ಹುಡುಗನೇ, ಮೂವತ್ತೊಂದು ವಯಸ್ಸು,
ನೀರು ಹಚ್ಚಿ ಬಾಚಿದ ಕ್ರಾಪು,
ಯಾರೋ ಹಿಂದಿನಿಂದ ಕರೆದಾಗ ತಿರುಗಿದಂಥ ನಗು.
ಬಲಗಡೆ ಖಾಲಿ.

‘ನನ್ನ ಜೆನೊನ್. ಬಣ್ಣದ ಹೌದಿನ ಪೈಪು ಒಡೆದ ದಿನ
ಅವನಿಗೆ ರಕ್ತ ಬೇಕಿತ್ತು, ನನ್ನದು ಹೊಂದಲಿಲ್ಲ.
ಹೊಂದದ್ದನ್ನು ಇಟ್ಟುಕೊಂಡು ಏನು ಮಾಡಲಿ?
ಹೊಂದುವವರಿಗೆ ಕೊಡುತ್ತಾ ಬಂದೆ.
ಈಗ ಪಕ್ಕದಲ್ಲಿ ನನ್ನ ಬಿಲ್ಲೆ ಕೂರಬೇಕು.
ನವೆಂಬರಿನಲ್ಲಿ ಮೇಣದ ದೀಪ ಹಚ್ಚಲು ಬಂದವರು
ಬಗ್ಗಿ ನೋಡಿ “ಪಾಪ, ತಾಯಿ ಮಗ” ಅನ್ನಬಾರದು.’

ಹಳೇ ಫೋಟೊ ಇದ್ದರೆ ಅದನ್ನೇ, ಅಂದೆ.
‘ಅದು ಸುಳ್ಳಾಗುತ್ತದೆ.
ನನ್ನ ರಕ್ತದಿಂದ ಬಂದದ್ದಾದರೆ ಸುಳ್ಳಲ್ಲ.
ಒಂದು ಹತ್ತು ವರ್ಷ ಇಳಿಸು.
ಅಕ್ಕ ಅಂದುಕೊಂಡರೂ ಪರವಾಗಿಲ್ಲ.’

ಹೇಳಬೇಕಾದ್ದನ್ನು ಹೇಳಿದೆ:
ತೊಗಲು ಕೊಂಚ ಬಿಗಿದೀತು, ಬಿಗಿಯದೆಯೂ ಇದ್ದೀತು,
ಮೂರು ಸಲ ಬರಬೇಕು, ಇಷ್ಟೇ ಎಂದು ಮಾತು ಕೊಡಲಾರೆವು.
ರುಜು ಹಾಕಿದರು, ಕಿವಿ ಕೇಳದವರ ಧೈರ್ಯದಲ್ಲಿ.

ಮುಚ್ಚಳ ತೆಗೆದಾಗ ಮೇಲೆ ತಿಳಿಹಳದಿ,
ನೀರಿಗೆ ಜೇನು ಕದಡಿದ ಹಾಗೆ.
ಹಣೆಗೆ, ಕಣ್ಣಂಚಿಗೆ,
ಹಲ್ಲಲ್ಲಿ ನೂಲು ಕಚ್ಚಿ ಕಚ್ಚಿ ತುಟಿಯ ಮೇಲೆ ಬಿದ್ದ ಗೆರೆಗೆ
ಚುಚ್ಚಿ ಚುಚ್ಚಿ ಇಳಿಸಿದೆ.
ಕೊಟ್ಟು ಗೊತ್ತಿದ್ದ ಮೈ
ತೆಗೆದುಕೊಳ್ಳುವಾಗ ನಾಚಿತು.

ಮುಖ ಊದಿಕೊಂಡು, ಕೋಟಿಗೆ ಕೈ ತೂರಿಸುತ್ತಾ
ಕೊಳವೆಯ ತಳ ತೋರಿಸಿದರು: ‘ಇದು?’
‘ಅದು ಬೇಡ. ಎಸೆಯುತ್ತೇವೆ.’
ಕೇಳಿಸಲಿಲ್ಲವೇನೋ ಎಂದು ಜೋರಾಗಿ ಇನ್ನೊಮ್ಮೆ ಹೇಳಿದೆ.
ಕೇಳಿಸಿತ್ತು.
ತಳ ಹಿಡಿದು ಕೂತಿತ್ತು ದಪ್ಪನೆ ಕೆಂಪು,
ಯಾರಿಗಾದರೂ ಆಗಿಬರಬಹುದಾದದ್ದು.
‘ಎಸೆಯುವುದು’ ಎಂದರು,
ಹೊಸ ಭಾಷೆಯ ಶಬ್ದವೊಂದನ್ನು ಬಾಯಲ್ಲಿಟ್ಟು ನೋಡುವವರಂತೆ.

ನನ್ನ ಮೇಜಿನ ಖಾನೆಯಲ್ಲಿ ಅರ್ಧ ತಿಂದ ಚಾಕೊಲೇಟಿತ್ತು.
ಕೊಟ್ಟೆ. ಎಣಿಸಿದರು, ನಾಲ್ಕು ತುಂಡು.
ಒಂದನ್ನು ಮುರಿದು ನನ್ನ ಕೈಗಿಟ್ಟು
ಮೆಟ್ಟಿಲಿಳಿದರು; ಮುಂದಿನ ತಾರೀಖಿನ ಚೀಟಿ ಇಲ್ಲೇ ಉಳಿಯಿತು.

ಟ್ರಾಮು ಹೋಯಿತು.
ಹಳದಿ ಡಬ್ಬಿಯ ಮುಚ್ಚಳವನ್ನು ಕಾಲಲ್ಲಿ ಒತ್ತಿ
ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.